ಮುಧೋಳದ ದಾರಿಯಲ್ಲಿ ಹಗಲು ಹತ್ತಿದ ದೀಪ

ನಮ್ಮ ವ್ಯಾನಿಗೆ ಮೂರು ದೀಪಗಳಿದ್ದವು. ಮುಂದಿನ ಎರಡು ಬೇಕೆಂದಾಗ ಹತ್ತುತ್ತಿರಲಿಲ್ಲ, ಒಳಗಿನ ಒಂದು ಬೇಡವೆಂದಾಗ ಆರುತ್ತಿರಲಿಲ್ಲ. ಮುಂದಿನವುಗಳ ಚಿಂತೆ ನನಗಿರಲಿಲ್ಲ. ಹೊತ್ತು ಮುಳುಗುವುದರೊಳಗೆ ಮನೆ ಸೇರುವ ಗಾಡಿಗೆ ಅವು ಮೂಗುತಿ ಇದ್ದ ಹಾಗೆ. ಇದ್ದರೆ ಚೆಂದ, ಇಲ್ಲದಿದ್ದರೆ ಮೂಗಂತೂ ಇದ್ದೇ ಇದೆ. ಆದರೆ ಸ್ಟೇರಿಂಗಿನ ಹಿಂದಿನ ತಗಡಿನಲ್ಲಿ ಜೋಳದ ಕಾಳಿನಷ್ಟು ಕೂತಿದ್ದ ಆ ಕೆಂಪು ದೀಪ ಮಾತ್ರ ನನ್ನನ್ನು ಒಂದು ವಾರ ಬಾನೆಟ್ಟಿನೊಳಗೆ ತಲೆ ಹಾಕಿಸಿ ನಿಲ್ಲಿಸಿತು.

ಸಂಸ್ಥಾನಗಳು ಮುಂಬೈ ರಾಜ್ಯದಲ್ಲಿ ಸೇರಿ ಕೆಲವು ವರ್ಷಗಳಾಗಿದ್ದವು. ಜಮಖಂಡಿಯಲ್ಲಿ ನಮ್ಮ ತಂದೆ ಸಂಸ್ಥಾನದ ಕಚೇರಿಯ ಕಾರಕೂನರು. ಸಂಸ್ಥಾನ ಹೋದ ಮೇಲೆ ಮಾಮಲೇದಾರ ಕಚೇರಿಯಲ್ಲಿ ಅದೇ ಕುರ್ಚಿ, ಅದೇ ಶಾಯಿದೌತಿ. ನನ್ನನ್ನೂ ಅದರ ಪಕ್ಕದಲ್ಲೇ ಕೂರಿಸುವ ಆಸೆ ಅವರಿಗಿತ್ತು. ನಾನು ಮೆಟ್ರಿಕ್ ಮುಗಿಸಿದ್ದೇ ತಡ, ಹಳೆಯ ಮೋಟಾರು ಶೆಡ್ಡಿನಲ್ಲಿದ್ದ ಉಸ್ತಾದರ ಹಿಂದೆ ಬಿದ್ದೆ. "ನಮ್ಮ ಮನಿತನದಾಗ ಎಲ್ಲಾರೂ ಕೈಗೆ ಶಾಯಿ ಹಚ್ಚಿಕೊಂಡವರು, ನೀ ಒಬ್ಬ ಡಾಂಬರ ಹಚ್ಚಿಕೊಂಡಿ ನೋಡು" ಎಂದು ತಂದೆ ಊಟದ ಹೊತ್ತಿಗೆ ದಿನಾ ಅನ್ನುತ್ತಿದ್ದರು. ಅಂದು ಅಂದು ಅವರಿಗೇ ಬೇಸರವಾಗಿ ಬಿಟ್ಟರು.

ಉಸ್ತಾದರು ಕಲಿಸಿದ್ದು ಹೆಚ್ಚಾಗಿ ಮಾತಿನಲ್ಲಿ. ನಟ್ಟು ಬಿಚ್ಚುವ ಪಾನಾ ಕೈಗೆ ಕೊಡುವ ಮೊದಲು ಒಂದು ಕಥೆ ಹೇಳುತ್ತಿದ್ದರು. ಈ ಕೆಂಪು ದೀಪದ ಬಗ್ಗೆ ಅವರು ಹೇಳಿದ್ದು ಇನ್ನೂ ಕಿವಿಯಲ್ಲಿದೆ: "ಬೇಟಾ, ಡೈನಮೊ ಅಂದ್ರ ಹೊಲ. ಬ್ಯಾಟರಿ ಅಂದ್ರ ಹಗೇವು, ಕಾಳ ತುಂಬಿಡೂ ನೆಲದಾಗಿನ ಕಣಜ. ಇಂಜಿನ್ ತಿರಗಾಕತ್ರ ಹೊಲದಾಗ ಬೆಳೀತೈತಿ, ಹಗೇವಿನ್ಯಾಗ ಬೀಳತೈತಿ, ಆವಾಗ ಕೆಂಪು ದೀಪ ಆರತೈತಿ. ಇಂಜಿನ್ ತಿರಗಿದ್ರೂ ದೀಪ ಆರಲಿಲ್ಲಂದ್ರ ಹೊಲ ಬೆಳದಿಲ್ಲ, ಹಳೇ ಕಾಳ ತಿನ್ನಾಕತ್ತೀವಿ ಅಂತ ತಿಳಕೊ. ಹಗೇವು ಖಾಲಿ ಆದಲ್ಲಿ ಗಾಡಿ ನಿಂತಂಗ." ಆಮೇಲೆ ಬೀಡಿ ಆರಿಸುತ್ತ ಇನ್ನೊಂದು ಸೇರಿಸಿದ್ದರು: "ಈ ದೀಪ ಸುಳ್ಳ ಹೇಳೂದಿಲ್ಲ. ಆದ್ರ ಇದು ನಾದಿನಿ ಇದ್ದಂಗ. ಮನ್ಯಾಗ ತಪ್ಪ ಆಗೇತಿ ಅಂತ ಊರಿಗೆಲ್ಲಾ ಸಾರತೈತಿ, ಯಾರ ಮಾಡ್ಯಾರ ಅಂತ ಮಾತ್ರ ಬಾಯಿ ಬಿಡೂದಿಲ್ಲ."

ವ್ಯಾನು ನನ್ನದಲ್ಲ. ಬನಹಟ್ಟಿಯ ಒಬ್ಬ ನೇಕಾರ ಹಿರಿಯರದು. ಮನೆಯಲ್ಲಿ ನಾಲ್ಕು ಮಗ್ಗ ಇಟ್ಟಿದ್ದ ಅವರು ನೂಲು ತರಲಿಕ್ಕೆ, ಸೀರೆ ಒಯ್ಯಲಿಕ್ಕೆ ಎಂದು ಯುದ್ಧಕ್ಕಿಂತ ಮೊದಲಿನ ಆ ಗಾಡಿಯನ್ನು ಹಿಡಿದಿದ್ದರು. ಓಡಿಸುವುದು, ರಿಪೇರಿ ಮಾಡುವುದು ನನ್ನ ಪಾಲು. ನಾನು ಅವರನ್ನು ಕಾಕಾ ಎನ್ನುತ್ತಿದ್ದೆ, ಅವರ ಹೆಂಡತಿಯನ್ನು ಕಾಕು. ವಾರದಲ್ಲಿ ಐದು ದಿನ ಅವರ ಪಡಸಾಲೆಯಲ್ಲೇ ನನ್ನ ಹಾಸಿಗೆ, ಅವರ ಒಲೆಯ ರೊಟ್ಟಿಯೇ ನನ್ನ ಊಟ. ಇದನ್ನು ಜಮಖಂಡಿಯ ನಮ್ಮ ಮನೆಯಲ್ಲಿ ನಾನು ಹೇಳಲಿಲ್ಲ, ಅವರೂ ಕೇಳಲಿಲ್ಲ. ನಾನು ದಪ್ಪಗಾದದ್ದು ಮಾತ್ರ ಎಲ್ಲರಿಗೂ ಕಾಣುತ್ತಿತ್ತು.

ಕಾಕು ಇಡೀ ಓಣಿಗೆ ಬೇಕಾದವರು. ಮಗ್ಗದ ಮೇಲಿನ ಹಾಸು, ಅಂದರೆ ಉದ್ದ ಎಳೆಗಳ ಸಾಲು, ಮುಗಿದಾಗ ಹಳೆಯ ಹಾಸಿನ ಒಂದೊಂದು ಎಳೆಗೂ ಹೊಸ ಹಾಸಿನ ಒಂದೊಂದು ಎಳೆ ಕೂಡಿಸಬೇಕು. ಸಾವಿರಾರು ಎಳೆ. ಹೆಬ್ಬೆರಳು ತೋರುಬೆರಳಿಗೆ ಚೂರು ಬೂದಿ ಹಚ್ಚಿಕೊಂಡು ಎರಡು ತುದಿ ಹಿಡಿದು ಹೊಸೆದರೆ ಆಯಿತು, ಗಂಟೂ ಕಾಣದು, ಬಿಚ್ಚುವುದೂ ಇಲ್ಲ. ಬೇರೆಯವರು ಒಂದು ಹಾಸು ಕೂಡಿಸಲು ಎರಡು ದಿನ ಕೂತರೆ ಕಾಕು ಒಂದೇ ದಿನದಲ್ಲಿ ಎದ್ದುಬಿಡುತ್ತಿದ್ದರು. ರಬಕವಿಯಿಂದಲೂ ಕರೆಯಲು ಬರುತ್ತಿದ್ದರು. ಕೂಡಿಸುವಾಗ ಅವರು ಎಳೆಯ ಕಡೆ ನೋಡುತ್ತಿರಲಿಲ್ಲ. ಮಗ್ಗುಲಲ್ಲಿ ಕೂತವರ ಜೊತೆ ಹರಟುತ್ತಿರುತ್ತಿದ್ದರು.

ಅವರು ನೋಡುತ್ತಿರಲಿಲ್ಲ ಎಂದೇ ಎರಡು ವರ್ಷ ನಮಗೆ ಯಾರಿಗೂ ತಿಳಿಯಲಿಲ್ಲ. ಒಂದು ದಿನ ನಾನು ಬಾಗಿಲಲ್ಲಿ ನಿಂತಿದ್ದರೆ "ಯಾರವ್ವಾ ಅದು, ಒಳಗ ಬಾ" ಎಂದರು. ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಬಲಗಣ್ಣು ಹಾಲಿನ ಹನಿ ಬಿದ್ದಂತೆ ಬೆಳ್ಳಗಾಗಿತ್ತು. ಬೆಳಕು ಕತ್ತಲೆ ತಿಳಿಯುತ್ತಿತ್ತು, ಬಣ್ಣ ಒಂದಿಷ್ಟು ತಿಳಿಯುತ್ತಿತ್ತು, ಮುಖ ತಿಳಿಯುತ್ತಿರಲಿಲ್ಲ.

ಮುಧೋಳಕ್ಕೆ ವರ್ಷಕ್ಕೊಮ್ಮೆ ದೊಡ್ಡ ಊರಿನಿಂದ ಕಣ್ಣಿನ ಡಾಕ್ಟರರು ಬಂದು ಒಂದು ಧರ್ಮಶಾಲೆಯಲ್ಲಿ ಮೂರು ದಿನ ಪೊರೆ ತೆಗೆಯುತ್ತಿದ್ದರು. ಅವರ ಕಂಪೌಂಡರ್ ಮುಂಚಿತವಾಗಿ ಊರೂರು ತಿರುಗಿ ಟಾರ್ಚು ಬಿಟ್ಟು ಕಣ್ಣು ನೋಡಿ ಹೋಗುತ್ತಿದ್ದ. ಕಾಕುವಿನ ಬಲಗಣ್ಣು ನೋಡಿ ಆತ ಕಾಕಾನನ್ನು ಹೊರಗೆ ಕರೆದ: "ಇದು ಹಣ್ಣಾಗೇತ್ರಿ. ಈ ವರ್ಷ ತಗೀಬೇಕು. ಮುಂದಿನ ವರ್ಷಕ್ಕ ಕೊಳೀತೈತಿ, ಆವಾಗ ಡಾಕ್ಟರ್ ಅಲ್ಲ, ದೇವರು ಬಂದ್ರೂ ಆಗೂದಿಲ್ಲ."

ಕಾಕು ಒಪ್ಪಬೇಕಲ್ಲ!

"ನನಗ ಕಣ್ಣ ಯಾಕ ಬೇಕು? ನನ್ನ ಕಣ್ಣ ಬೆರಳಿನ್ಯಾಗ ಅದಾವು" ಎಂಬುದು ಅವರ ಒಂದೇ ಉತ್ತರ. "ನಿನ್ನೆ ಮೂಲಿಮನಿ ಹಾಸು ಕೂಡಿಸಿ ಬಂದೇನಿ. ಒಂದ ಎಳಿ ತಪ್ಪೇತೇನು ಕೇಳಿಕೊಂಡ ಬರ್ರಿ."

"ಎಳಿ ತಪ್ಪಿಲ್ಲ, ಖರೆ," ಎಂದರು ಕಾಕಾ. "ಮೊನ್ನೆ ನನ್ನ ತಾಟಿನ್ಯಾಗ ಪಲ್ಯಾ ಅಂತ ಹೇಳಿ ಉಪ್ಪಿನಕಾಯಿ ಸುರದಿ."

"ತಿಂದ್ರಲ್ಲಾ!"

"ತಿನ್ನದ ಏನ ಮಾಡಲಿ? ನಲವತ್ತ ವರ್ಷ ಆತು, ನೀ ಹಾಕಿದ್ದ ತಿಂದೇನಿ."

ಹದಿನೈದು ದಿನ ಹೀಗೇ ನಡೆಯಿತು. ಕೊನೆಗೆ ಕಾಕಾ ಊಟ ಬಿಟ್ಟು ಕೂತಾಗ ಕಾಕು ಸೋತರು. ಆದರೆ ಸೋಲುವಾಗಲೂ ಒಂದು ಕರಾರು ಹಾಕಿದರು. ಹೊರಟ ಕೆಲಸಕ್ಕೆ ದಾರಿಯಲ್ಲಿ ಗಾಡಿ ನಿಂತರೆ ಅದು ಬೇಡವೆಂದು ಹೇಳುವ ಶಕುನ. ಅವರ ತವರಿನಲ್ಲಿ ಹೆಣ್ಣು ನೋಡಲು ಹೊರಟ ಬಂಡಿಯ ಕೀಲು ಮುರಿದರೆ ಸಂಬಂಧವನ್ನೇ ಬಿಡುತ್ತಿದ್ದರಂತೆ. "ಮುಧೋಳ ಮುಟ್ಟೂತನಕ ಗಾಡಿ ನಿಂದರಬಾರದು. ನಿಂತ್ರ ನಾ ಅಲ್ಲಿಂದ ತಿರಗಿ ಬರಾಕಿ. ಆಮ್ಯಾಲೆ ಈ ಜನ್ಮದಾಗ ಯಾರೂ ನನ್ನ ಮುಂದ ಕಣ್ಣಿನ ಮಾತ ತಗೀಬಾರದು. ಆತೇನು?"

"ಆತು" ಎಂದರು ಕಾಕಾ, ನನ್ನ ಕಡೆ ನೋಡುತ್ತ.

"ಆತ್ರಿ ಕಾಕು" ಎಂದೆ ನಾನು. ಮುಧೋಳ ಎಷ್ಟು ದೂರ? ಆ ಗಾಡಿಯನ್ನು ನಾನು ಬೀಳಗಿಯ ಆಚೆ ಅನಗವಾಡಿಯ ಹೊಳೆದಂಡೆಯ ತನಕ ಓಡಿಸಿದವನು.

ಮರುದಿನವೇ ಕೆಂಪು ದೀಪ ಹತ್ತಿತು. ಮಹಾಲಿಂಗಪುರದಿಂದ ನೂಲು ಹೇರಿಕೊಂಡು ಬರುತ್ತಿದ್ದೆ. ಕಬ್ಬಿನ ಬಂಡಿಗಳು ಕೊರೆದ ಗಾಲಿದಾರಿಯಲ್ಲಿ ಗಾಡಿ ಎರಡು ಸಲ ಎದ್ದು ಬಿತ್ತು, ದೀಪ ಕಣ್ಣು ಬಿಟ್ಟಿತು. ಬನಹಟ್ಟಿ ಮುಟ್ಟುವವರೆಗೆ ಮುಚ್ಚಲಿಲ್ಲ. ಕಾಕಾಗೆ ಹೇಳಿದೆ. ಅವರು ಗಾಬರಿಯಾದರು. ನಾನು ಆಗಲಿಲ್ಲ. ವಾರವಿದೆ, ಉಸ್ತಾದರ ಪಾಠವಿದೆ, ಒಂದೊಂದೇ ನೋಡಿದರಾಯಿತು.

ಮೊದಲು ಪಟ್ಟಾ. ಇಂಜಿನ್ನು ಡೈನಮೊವನ್ನು ತಿರುಗಿಸುವುದು ಆ ರಬ್ಬರ್ ಪಟ್ಟಾದಿಂದಲೇ. ಸಡಿಲಾದರೆ ಜಾರುತ್ತದೆ, ಹೊಲ ಬೀಳು ಬೀಳುತ್ತದೆ. ಹೆಬ್ಬೆರಳಿನಿಂದ ಒತ್ತಿದೆ, ಬಿಗಿಯಾಗಿಯೇ ಇತ್ತು. ಆಮೇಲೆ ಬ್ಯಾಟರಿಯ ತುದಿಗಳು. ಹಸಿರು ಬಿಳಿ ಬೂಷ್ಟು ಹಿಡಿದಿದ್ದವು, ಸೋಡಾ ಹಾಕಿದ ಬಿಸಿನೀರಿನಲ್ಲಿ ತೊಳೆದು ಉಜ್ಜಿ ತಾಮ್ರದ ಚರಿಗೆಯಂತೆ ಮಾಡಿದೆ. ಆಮೇಲೆ ಡೈನಮೊ ಬಿಚ್ಚಿದೆ. ಒಳಗೆ ನೋಡಿದರೆ ಅರ್ಧ ಅರಳೆ! ನೂಲಿನ ಗಾಡಿಯಲ್ಲವೇ, ಎರಡು ವರ್ಷದ ಹತ್ತಿಯ ಧೂಳು ಒಳಗೆ ಹೋಗಿ ಗಾದಿ ಹಾಸಿತ್ತು. ಕಳ್ಳ ಸಿಕ್ಕ ಎಂದು ಕುಣಿದೆ. ಅರಳೆ ತೆಗೆದು, ಸವೆದ ಕಾರ್ಬನ್ ಬದಲಿಸಿ, ತಿರುಗುವ ತಾಮ್ರವನ್ನು ಸಣ್ಣ ಮರಳುಕಾಗದದಿಂದ ಉಜ್ಜಿ ಕೂಡಿಸಿದೆ. ಅಂಗಳದಲ್ಲಿ ಚಾಲೂ ಮಾಡಿ ರೇಸ್ ಕೊಟ್ಟರೆ ದೀಪ ಟಪ್ಪನೆ ಆರಿತು. ಕಾಕಾ ಬೆಲ್ಲ ತಂದು ನನ್ನ ಬಾಯಿಗೆ ಹಾಕಿದರು. ಮಧ್ಯಾಹ್ನ ಮಹಾಲಿಂಗಪುರದ ದಾರಿಯಲ್ಲಿ ಅದೇ ಗಾಲಿದಾರಿಗೆ ಇಳಿದೆ. ದೀಪ ಹತ್ತಿತು.

ಇದೇ ಆ ದೀಪದ ತಂಟೆ. ಅಂಗಳದಲ್ಲಿ ನಿಂತರೆ ಸಾಧು, ದಾರಿ ಹಿಡಿದರೆ ಪುಂಡ. ನಿಂತು ಪರೀಕ್ಷೆ ಮಾಡಿದಾಗಲೆಲ್ಲ ಪಾಸು. ಡೈನಮೊದ ಎರಡೂ ತಂತಿ ಬಿಚ್ಚಿ, ಅದರ ಎರಡು ಮೂತಿಗಳನ್ನು ಒಂದು ತುಂಡು ತಂತಿಯಿಂದ ಕೂಡಿಸಿ, ಬಲ್ಬು ಹಿಡಿದು ನೋಡಿದೆ, ಬಲ್ಬು ಝಗ್ಗೆಂದಿತು. ಅಂದರೆ ಹೊಲ ಬೆಳೆಯುತ್ತದೆ. ಹಗೇವೂ ಇದೆ. ನಡುವಿನ ದಾರಿಯಲ್ಲಿ ಎಲ್ಲೋ ಏನೋ ಆಗಿದೆ. ನಡುವೆ ಇರುವುದು ತಂತಿಗಳು. ಆ ಕಾಲದ ತಂತಿಗಳಿಗೆ ಈಗಿನಂತೆ ಪ್ಲಾಸ್ಟಿಕ್ ಇರುತ್ತಿರಲಿಲ್ಲ. ರಬ್ಬರಿನ ಮೇಲೆ ಹತ್ತಿಯ ನೂಲಿನ ಹೆಣಿಗೆ, ಬಣ್ಣದ ಎಳೆ ಸಹಿತ. ನಮ್ಮ ಗಾಡಿಯಲ್ಲಿ ಅದೆಲ್ಲ ಜಡೆ ಬಿಚ್ಚಿದ ಹಾಗೆ ಜೋತಾಡುತ್ತಿತ್ತು. ಎಲ್ಲೆಲ್ಲಿ ಬಿಚ್ಚಿತ್ತೋ ಅಲ್ಲೆಲ್ಲ ಸಂಶಯ ಪಟ್ಟು, ಹರಿದಿದೆಯೇ ನೋಡಿ, ಟೇಪು ಸುತ್ತಿದೆ. ಚೆನ್ನಾಗಿದ್ದದ್ದನ್ನು ಮುಟ್ಟಲಿಲ್ಲ. ಚೆನ್ನಾಗಿದ್ದದ್ದನ್ನು ಯಾವನು ಮುಟ್ಟುತ್ತಾನೆ?

ಡಾಕ್ಟರರ ಮೂರು ದಿನದಲ್ಲಿ ಮೊದಲ ದಿನ ಸೋಮವಾರ, ಬೇಡ ಎಂದರು ಕಾಕು, ಎರಡನೆಯ ದಿನ ಅಮಾವಾಸ್ಯೆಯ ಮರುದಿನ, ಅದೂ ಬೇಡ ಎಂದರು. ಉಳಿದದ್ದು ಕೊನೆಯ ದಿನ. ಬಸ್ಸಿಗೆ ಹೋಗೋಣ ಎಂದರೆ ಕಾಕಾ ಬೇಡವೆಂದರು: "ಮಹಾಲಿಂಗಪುರದಾಗ ಬಸ್ಸ ಬದಲ ಮಾಡಬೇಕು. ಅಕಿ ತವರಮನಿ ಸ್ಟ್ಯಾಂಡಿಗಿ ಹತ್ತಿ ಐತಿ. ಇಳದ್ಲು ಅಂದ್ರ ಮುಗೀತು, ಯುಗಾದಿಗೇ ಹೊಳ್ಳಿ ಬರಾಕಿ." ನಾನು ಬ್ಯಾಟರಿಯನ್ನು ಜಮಖಂಡಿಗೆ ಒಯ್ದು ರಾತ್ರಿಯಿಡೀ ಚಾರ್ಜಿಗೆ ಇಟ್ಟು ತಂದಿದ್ದೆ. ಹಗೇವು ತುಂಬಿದೆ, ಹೊಲ ಬೆಳೆಯದಿದ್ದರೂ ಹೋಗಿ ಬರುವಷ್ಟು ಕಾಳಿದೆ. ಹೀಗೆ ಲೆಕ್ಕ ಹಾಕಿ ನಿಶ್ಚಿಂತನಾಗಿ ಹೊರಟೆ.

ಮುಂದಿನ ಸೀಟಿನಲ್ಲಿ ನಾನು, ನಡುವೆ ಕಾಕು, ಆಚೆ ಕಾಕಾ. ಊರು ದಾಟಿ ಎರಡು ಮೈಲಿಗೆ ದೀಪ ಹತ್ತಿತು. ಮುಖ ಕಾಣದ ಕಾಕುಗೆ ಅದೊಂದು ಕಂಡುಬಿಟ್ಟಿತು!

"ತಮ್ಮಾ, ಅಲ್ಲಿ ಏನೋ ಕೆಂಪಗ ಕಾಣಾಕತ್ತೇತಿ. ಕುಂಕುಮ ಹಚ್ಚೀಯೇನು?"

ನಾನು ಬಾಯಿ ತೆಗೆಯುವುದರೊಳಗೆ ಕಾಕಾ ಹೇಳಿಬಿಟ್ಟರು: "ದೇವರ ದೀಪ ಅದು. ಶುಭಕಾರ್ಯಕ್ಕ ಹೊಂಟೀವಿ ಅಂತ ಹಚ್ಯಾನ."

"ಛಲೋ ಮಾಡಿದಿ ತಮ್ಮಾ" ಎಂದು ಕಾಕು ದೀಪಕ್ಕೆ ಕೈ ಮುಗಿದರು.

ಸುಳ್ಳು ಹೇಳುವವರು ಮುಂದಿನ ಹೆಜ್ಜೆ ನೋಡಿಕೊಳ್ಳಬೇಕು. ಮಹಾಲಿಂಗಪುರ ದಾಟಿದ ಮೇಲೆ ಹೊಸದಾಗಿ ಜಲ್ಲಿಕಡಿ ಹಾಕಿ ರೋಲರ್ ಹೊಡೆದ ಅರ್ಧ ಮೈಲಿ ದಾರಿ ಬಂತು. ಗಾಡಿ ಕುಲುಕುವುದು ನಿಂತಿತು. ದೀಪ ಆರಿತು. ನನಗೂ ಕಾಕಾಗೂ ಜೀವ ಬಂದಂತಾಯಿತು, ಕಾಕುಗೆ ಹೋದಂತಾಯಿತು.

"ಅಯ್ಯಯ್ಯೋ! ದೇವರ ದೀಪ ಆರಿತಲ್ಲೋ! ತಿರಗಸು ಗಾಡಿ! ಇದಕ್ಕಿಂತ ಕೆಟ್ಟ ಶಕುನ ಬೇಕೇನು?"

"ಏ, ಗಾಳಿಗೆ ಆರೇತಿ..." ಎಂದರು ಕಾಕಾ.

"ಮುಚ್ಚಿದ ಗಾಡ್ಯಾಗ ಎಲ್ಲೀದು ಗಾಳಿ? ನಿಮ್ಮ ಬಾಯಾಂದೇನು?"

ನಿಜ ಹೇಳದೆ ದಾರಿ ಇರಲಿಲ್ಲ. ಅದು ದೇವರ ದೀಪವಲ್ಲ, ಅದು ಆರಿದರೇ ಒಳ್ಳೆಯದು, ಹತ್ತಿದರೆ ಬ್ಯಾಟರಿ ಖಾಲಿಯಾಗುತ್ತದೆ ಎಂದು ಎಲ್ಲ ಹೇಳಿದೆ. "ಹಂಗಾರ ಗಾಡಿ ನಿಂದರತೈತಿ" ಎಂದರು ಕಾಕು. ಆ ಮಾತಿನಲ್ಲಿ ಹೆದರಿಕೆಗಿಂತ ಆಸೆಯೇ ಹೆಚ್ಚಿತ್ತು ಎಂದು ನನಗನಿಸಿತು.

"ನಿಂದರೂದಿಲ್ಲರಿ ಕಾಕು."

"ನೋಡೂಣಂತ" ಎಂದು ಅವರು ಸೆರಗು ಹೊದ್ದು ಕೂತರು.

ಕಡಿ ಹಾಕಿದ ದಾರಿ ಮುಗಿಯಿತು, ದೀಪ ಹತ್ತಿತು. ರನ್ನ ಬೆಳಗಲಿ ಊರು ಹಿಂದೆ ಬಿದ್ದು ಸ್ವಲ್ಪ ಹೊತ್ತಿಗೆ ಇಂಜಿನ್ನು ಕೆಮ್ಮತೊಡಗಿತು. ಚಾರ್ಜು ಮಾಡಿದ ಬ್ಯಾಟರಿ ಹಳೆಯದು, ಹಗೇವಿನ ತಳಕ್ಕೇ ತೂತು ಬಿದ್ದಿರಬಹುದೆಂದು ನಾನು ಎಣಿಸಿರಲಿಲ್ಲ. ಮುಧೋಳ ಇನ್ನೂ ದೂರ. ಹೀಗೆಯೇ ಹೋದರೆ ಗಾಡಿ ತಾನಾಗಿ ನಿಲ್ಲುತ್ತದೆ. ನಿಂತರೆ ಕಾಕು ಇಳಿದು ಹಿಂದಕ್ಕೆ ನಡೆಯುತ್ತಾರೆ. ನಡೆದರೆ ಆ ಕಣ್ಣು ಹೋದಂತೆ. ಅಷ್ಟರಲ್ಲಿ ನನ್ನ ತಲೆ ಮಾತ್ರ ಚುರುಕಾಗಿತ್ತು. ಕುಲುಕಿದರೆ ಹತ್ತುತ್ತದೆ, ಕುಲುಕದಿದ್ದರೆ ಆರುತ್ತದೆ. ಅಂದರೆ ಎಲ್ಲೋ ಎರಡು ತುದಿ ಮುಟ್ಟಿಯೂ ಮುಟ್ಟದಂತೆ ಕೂತಿವೆ. ಅಂಗಳದಲ್ಲಿ ಅದು ಸಿಗುವುದಿಲ್ಲ. ಇಂಜಿನ್ನು ತಿರುಗುತ್ತಿರುವಾಗ ಒಂದೊಂದೇ ತಂತಿಯನ್ನು ನಾನೇ ಕುಲುಕಿ ನೋಡಬೇಕು.

"ಕಾಕು, ಎತ್ತು ನೀರ ಕುಡ್ಯಾಕ ನಿಂತ್ರ ಅದು ಅಪಶಕುನ ಏನ್ರಿ?"

"ಅಲ್ಲ. ನೊಗ ಹೆಗಲ ಮ್ಯಾಗ ಇದ್ರ ಅದು ನಿಂತಂಗ ಅಲ್ಲ."

"ಹಂಗಾರ ಇದರ ನೊಗ ಇಳಸೂದಿಲ್ಲರಿ. ಇಂಜಿನ್ ಬಂದ್ ಮಾಡೂದಿಲ್ಲ. ಒಂದೀಟು ನೀರು ಕುಡಸ್ತೇನಿ."

ಒಂದು ಬಾವಿಯ ಪಕ್ಕಕ್ಕೆ ಗಾಡಿ ತಂದು, ಇಂಜಿನ್ನು ಓಡುತ್ತಿರುವಂತೆಯೇ ಇಳಿದೆ. ಕಾಕಾನನ್ನು ನನ್ನ ಜಾಗದಲ್ಲಿ ಕೂರಿಸಿ, ಬಲಗಾಲು ಇದರ ಮೇಲೆ ಇಟ್ಟು ಒತ್ತಿ ಹಿಡಿಯಿರಿ, ದೀಪ ಹತ್ತಿದರೆ ಹತ್ತಿತು ಅನ್ನಿ, ಆರಿದರೆ ಆರಿತು ಅನ್ನಿ ಎಂದು ಹೇಳಿ ಬಾನೆಟ್ಟಿನ ಮಗ್ಗುಲು ಎತ್ತಿದೆ. ಇಂಜಿನ್ನು ಗೊರ್ ಎಂದಿತು, ತಗ್ಗಿತು, ಮತ್ತೆ ಗೊರ್ ಎಂದಿತು, ತಗ್ಗಿತು. ಇದೇನೆಂದು ಬಂದು ನೋಡಿದರೆ ಕಾಕಾ ಎಡಗಾಲು ಬಲಗಾಲು ಒಂದಾದ ಮೇಲೊಂದು ಒತ್ತುತ್ತಿದ್ದಾರೆ! ನೆಲದ ತಗ್ಗಿನಲ್ಲಿ ಕಾಲು ಇಳಿಬಿಟ್ಟು ಕೂತು ಐವತ್ತು ವರ್ಷ ಮಗ್ಗದ ಹಲಗೆ ತುಳಿದ ಕಾಲುಗಳು. ಒಂದು ತುಳಿದರೆ ಇನ್ನೊಂದು ತಾನೇ ಏಳುತ್ತದೆ.

"ಒಂದ ಕಾಲು, ಕಾಕಾ! ಒಂದ!"

"ಒಂದ ಕಾಲ್ಲೆ ಯಾವ ಕೆಲಸಾ ಆಗತೈತೋ?"

"ಇನ್ನೊಂದ ಕಾಲ ನಾ ಹಿಡಕೋತೇನಿ ತಗೋರಿ" ಎಂದು ಕಾಕು ಬಗ್ಗಿ ಗಂಡನ ಎಡ ಮೊಣಕಾಲನ್ನು ಎರಡೂ ಕೈಯಿಂದ ಗಟ್ಟಿಯಾಗಿ ಹಿಡಿದರು. ಆಗ ಇಂಜಿನ್ನು ಒಂದೇ ಸಮನೆ ಓಡಿತು.

ಬ್ಯಾಟರಿಯ ತಂತಿ ಕುಲುಕಿದೆ. "ಹತ್ತೇತಿ!" ದಪ್ಪ ತಂತಿ ಕುಲುಕಿದೆ. "ಹತ್ತೇತಿ!" ಟೇಪು ಸುತ್ತಿದ್ದನ್ನೆಲ್ಲ ಕುಲುಕಿದೆ. "ಹತ್ತೇ ಐತೋ, ಬ್ಯಾರೆ ಏನರ ಕೇಳು!" ಉಳಿದದ್ದು ಡೈನಮೊಗೆ ಹೋಗುವ ತೆಳ್ಳನೆಯ ತಂತಿ. ಡೈನಮೊಗೆ ಬೆಳೆ ತೆಗೆ ಎಂದು ಅಪ್ಪಣೆ ಒಯ್ಯುವುದು ಅದೇ. ಇಡೀ ಗಾಡಿಯಲ್ಲಿ ಅದೊಂದೇ ಹೊಸದರಂತೆ ಇತ್ತು. ಮೂಲೆ ತಿರುಗುವಲ್ಲಿ ಅದರ ನೂಲಿನ ಹೊದಿಕೆ ಎಷ್ಟು ನುಣ್ಣಗೆ, ಎಷ್ಟು ಬಿಗಿಯಾಗಿ ಇತ್ತೆಂದರೆ ವಾರವೆಲ್ಲ ನನ್ನ ಕಣ್ಣು ಅದರ ಮೇಲಿಂದ ಜಾರಿ ಹೋಗಿತ್ತು. ಅಲ್ಲಿ ಎರಡು ಬೆರಳಿಟ್ಟು ಒತ್ತಿದೆ.

"ಆರಿತು!"

ಬಿಟ್ಟೆ. "ಹತ್ತಿತು!" ಒತ್ತಿದೆ. "ಆರಿತು! ಆರಿತು! ಅಲ್ಲೇ ಹಿಡಿ ಕಳ್ಳನ್ನ, ಬಿಡಬ್ಯಾಡ!"

ಚಾಕುವಿನಿಂದ ಆ ಹೊದಿಕೆ ಕೊಯ್ದೆ. ಒಳಗೆ ರಬ್ಬರು ಬಿರಿದು, ತಾಮ್ರ ತುಂಡಾಗಿ, ಎರಡು ತುದಿಗಳು ಎದುರುಬದುರು ಸುಮ್ಮನೆ ಕೂತಿದ್ದವು. ಮೇಲೆ ಯಾರೋ ಗಂಜಿ ಹಚ್ಚಿದ ನೂಲನ್ನು ಒಂದೂ ಎಳೆ ಮೇಲೆ ಕೆಳಗೆ ಆಗದಂತೆ ಸುತ್ತಿ, ಕೊನೆಯನ್ನು ಕಾಣದಂತೆ ಹೊಸೆದು ಸೇರಿಸಿದ್ದರು.

"ಏನ ಸಿಕ್ತು?" ಕಾಕು ಕೇಳಿದರು.

"ತಂತಿ ಒಳಗ ಹರದೈತ್ರಿ. ಮ್ಯಾಲೆ ಯಾರೋ ನೂಲ ಸುತ್ಯಾರ."

"ಇಲ್ಲಿ ಕೊಡು." ಕೊಯ್ದ ನೂಲನ್ನು ಅವರ ಅಂಗೈಯಲ್ಲಿಟ್ಟೆ. ಹೆಬ್ಬೆರಳು ತೋರುಬೆರಳ ನಡುವೆ ಒಮ್ಮೆ ಹೊರಳಿಸಿದರು. ಮುಖ ಸಣ್ಣದಾಯಿತು. "ಇದು ನಂದ" ಎಂದರು.

ದಿನಾ ಸಂಜೆ ಮಗ್ಗಗಳನ್ನು ಒರೆಸುವಂತೆ ಅವರು ಗಾಡಿಯನ್ನೂ ಒರೆಸುತ್ತಿದ್ದುದು ನನಗೆ ಗೊತ್ತಿತ್ತು. ಆ ಮನೆಯಲ್ಲಿ ದುಡಿಯುವ ಸಾಮಾನಿಗೆಲ್ಲ ಒಂದೇ ಮರ್ಯಾದೆ. ಮೂರು ವಾರದ ಹಿಂದೆ ನಾನು ಇಂಜಿನ್ನು ತಣ್ಣಗಾಗಲೆಂದು ಬಾನೆಟ್ಟು ತೆರೆದಿಟ್ಟು ಚಹಾ ಕುಡಿಯಲು ಹೋದಾಗ ಒರೆಸುವ ಅರಿವೆಗೆ ಒಂದು ನೂಲಿನ ತುದಿ ಸಿಕ್ಕಿತಂತೆ. ಬಿಚ್ಚಿದ ಎಳೆ ಕೈಗೆ ಸಿಕ್ಕ ಮೇಲೆ ನೇಕಾರರ ಮನೆಯಲ್ಲಿ ಹುಟ್ಟಿದವರು ಬಿಡುವುದುಂಟೇ? ಗಂಜಿ ಅದ್ದಿದ ನೂಲು ತಂದು ಸುತ್ತಿ ಕೂಡಿಸಿದ್ದರು. ಮೆಚ್ಚುಗೆ ಬೇಡವೆಂದು ಯಾರಿಗೂ ಹೇಳಿರಲಿಲ್ಲ.

"ಕೆಲಸ ಛಲೋನ ಮಾಡೀದಿ ಬಿಡು" ಎಂದರು ಕಾಕಾ ಮೆಲ್ಲಗೆ. "ಒಂದ ವಾರ ಇವಗ ಗೊತ್ತ ಆಗಲಿಲ್ಲಲಾ."

ಕಾಕು ಅವರ ಕಡೆ ತಿರುಗಲಿಲ್ಲ. ನನ್ನನ್ನೇ ಕೇಳಿದರು: "ತಮ್ಮಾ, ಖರೆ ಹೇಳು. ಒಳಗ ಹರದದ್ದು ಕಣ್ಣ ಇದ್ದಾಕಿಗಿ ಕಾಣ್ತಿತ್ತೇನು?"

ಇಲ್ಲ ಎಂದರೆ ಅವರ ಮನಸ್ಸು ತಣ್ಣಗಾಗುತ್ತಿತ್ತು. ಹಿರಿಯರಿಗೆ ನೋವಾಗದಂತೆ ಮಾತಾಡುವುದನ್ನು ನಮ್ಮ ಅಜ್ಜಿ ಕಲಿಸಿದ್ದರು. ಸುಳ್ಳು ಹೇಳುವುದನ್ನು ಕಲಿಸಿರಲಿಲ್ಲ. ಬಾವಿಯ ಪಕ್ಕ ಇಂಜಿನ್ನು ಏದುಸಿರು ಬಿಡುತ್ತಿತ್ತು.

"ಕಾಣ್ತಿತ್ತರಿ ಕಾಕು. ತಾಮ್ರ ಹೊಳೀತಿತ್ತು."

ಅವರು ಆ ನೂಲನ್ನು ಇನ್ನೊಮ್ಮೆ ಹೊರಳಿಸಿದರು. "ಹರದದ್ದ ಬಿಟ್ಟು ಮ್ಯಾಲಿನ ಅರಿವಿ ಕೂಡಿಸೇನಿ. ಹಿಂಗ ಎಷ್ಟ ಮಂದಿ ಹಾಸಿನ್ಯಾಗ ಮಾಡೇನೋ, ಯಾರೂ ಬಾಯಿ ಬಿಟ್ಟ ಹೇಳಿಲ್ಲ ಅಷ್ಟ." ಆಮೇಲೆ ನೂಲನ್ನು ಕೆಳಗೆ ಹಾಕಿದರು. "ಬಂದ್ ಮಾಡು ನಿನ್ನ ಗಾಡಿ."

ಕಾಕಾ ಎದೆಯೊಡೆದವರಂತೆ ನೋಡಿದರು. "ಬಂದ್ ಮಾಡಿದ್ರ ನಿಂತಂಗ ಆಗತೈತಲ್ಲ..."

"ನಿಂದರಲಿ! ನಿಂದರಸದ ಛಲೋತ್ನಾಗಿ ಕೂಡಸಾಕ ಬರತೈತೇನು? ಕೂಡಿಸಿ ನಡೀರಿ ಮುಧೋಳಕ್ಕ. ಗಾಡಿ ಬರಲಿಲ್ಲಂದ್ರ ನಾ ನಡಕೊಂತ ಹೋಗಾಕಿ."

ಬಂದ್ ಮಾಡಿದೆ. ತಂತಿಯ ಎರಡೂ ತುದಿಗಳ ತಾಮ್ರ ಕೆರೆದು ಶುದ್ಧ ಮಾಡಿದೆ. ಹೊಸೆಯಲು ಹೋದರೆ ಕಾಕು ಕೈ ಚಾಚಿದರು: "ಹೊಸಿಯೂದು ನಂದ ಕೆಲಸ. ನೀ ಎಲ್ಲಿ ಅಂತ ತೋರಸು, ಸಾಕು." ತುದಿಗಳನ್ನು ಅವರ ಬೆರಳಿಗೆ ಇಟ್ಟೆ. ತಾಮ್ರದ ಸಣ್ಣ ಎಳೆಗಳನ್ನು ಒಂದರೊಳಗೊಂದು ಹೊಗಿಸಿ ಅವರು ಹೊಸೆದ ರೀತಿಯನ್ನು ಉಸ್ತಾದರು ನೋಡಿದ್ದರೆ ನನ್ನನ್ನು ಶೆಡ್ಡಿನಿಂದ ಓಡಿಸಿ ಅವರನ್ನು ಇಟ್ಟುಕೊಳ್ಳುತ್ತಿದ್ದರು. ಮೇಲೆ ಟೇಪು ಸುತ್ತಿದೆ. ಹ್ಯಾಂಡಲ್ ಹಾಕಿ ತಿರುವಿದೆ. ಮೊದಲ ಸಲ ಬರೀ ನಿಟ್ಟುಸಿರು. ಎರಡನೆಯ ಸಲ ಸೀನಿತು. ಮೂರನೆಯ ಸಲಕ್ಕೆ ಹಿಡಿಯಿತು. ರೇಸ್ ಕೊಟ್ಟೆ, ದೀಪ ಆರಿತು. ಗಾಲಿದಾರಿಗೆ ಬೇಕೆಂದೇ ಇಳಿಸಿದೆ. ಆರಿಯೇ ಇತ್ತು.

ಮುಧೋಳದ ಧರ್ಮಶಾಲೆಯಲ್ಲಿ ಡಾಕ್ಟರರ ಆಳುಗಳು ಪೆಟ್ಟಿಗೆ ಕಟ್ಟಲು ಶುರು ಮಾಡಿದ್ದರು. ಡಾಕ್ಟರರು ಮರಾಠಿ ಮಾತಿನವರು, ಕನ್ನಡ ಒಡೆದು ಒಡೆದು ಆಡುತ್ತಿದ್ದರು. "ಇಷ್ಟು ಉಶೀರ, ತಡ ಯಾಕ? ನಾನು ಕೈ ತೊಳದೆ."

ಕಾಕಾ ಕೈ ಮುಗಿದು ಗಾಡಿ, ದೀಪ, ತಂತಿ ಎಂದು ಶುರು ಮಾಡಿದರು. ಕಾಕು ಅವರನ್ನು ಮೊಣಕೈಯಿಂದ ಸರಿಸಿ ದನಿ ಬಂದ ಕಡೆಗೆ ಮುಖ ಎತ್ತಿದರು. "ತಪ್ಪ ನಂದರಿ ಸಾಹೇಬ್ರ. ಎರಡ ವರ್ಷ ತಡಾ ಮಾಡೇನಿ. ಇನ್ನೊಮ್ಮೆ ಕೈ ತೊಳಕೋರಿ."

ಡಾಕ್ಟರರು ಹತ್ತಿರ ಬಂದು ಬಲಗಣ್ಣಿನ ರೆಪ್ಪೆ ಎತ್ತಿ ಬೆಳಕು ಬಿಟ್ಟರು. ಎಲ್ಲಿಂದ ಬೆಳಕು ಬರುತ್ತಿದೆ ಎಂದು ಕೇಳಿದರು. ಕಾಕು ಸರಿಯಾಗಿ ತೋರಿಸಿದರು. "ಇನ್ನೂ ಜೀವ ಇದೆ. ನೀರು ತಾ ರೇ" ಎಂದು ಆಳಿಗೆ ಕೂಗಿದರು.

ಅಂದು ಸಂಜೆಯೊಳಗೆ ಆಯಿತು. ಎಂಟು ದಿನ ಎರಡೂ ಕಣ್ಣಿಗೆ ಪಟ್ಟಿ ಕಟ್ಟಿ, ತಲೆಯ ಎರಡು ಮಗ್ಗುಲಿಗೆ ಉಸುಕಿನ ಚೀಲ ಇಟ್ಟು ಮಲಗಿಸಿದ್ದರು. ಅಲುಗಬಾರದು, ಕೆಮ್ಮಬಾರದು, ನಗಬಾರದು. ಕೊನೆಯದು ಕಾಕಾ ಪಕ್ಕದಲ್ಲಿರುವಾಗ ಕಷ್ಟವೆಂದು ಕಂಪೌಂಡರ್ ಅವರನ್ನು ಹೊರಗೇ ಕೂರಿಸಿದ. ಆಮೇಲೆ ತಿಂಗಳೊಪ್ಪತ್ತಿಗೆ ದಪ್ಪ ಗಾಜಿನ ಚಾಳೀಸು ಬಂತು. ಅದನ್ನು ಹಾಕಿಕೊಂಡು ಕಾಕು ಮೊದಲು ನನ್ನನ್ನು ನೋಡಿ, "ನೀ ಇಷ್ಟ ಕರ್ರಗ ಇದ್ದಿ ಅಂತ ಗೊತ್ತಿರಲಿಲ್ಲೋ ತಮ್ಮಾ" ಎಂದರು. ಡಾಂಬರು ಎಂದು ತಂದೆ ಅಂದದ್ದು ಸುಳ್ಳಲ್ಲ.

ಮರುವರ್ಷ ಕಂಪೌಂಡರ್ ಬಂದು ಹೋದ ಸುದ್ದಿ ತಿಳಿದು ನಾನೂ ಕಾಕಾನೂ ಎಡಗಣ್ಣಿನ ಮಾತು ಹೇಗೆ ತೆಗೆಯುವುದೆಂದು ಮೂರು ದಿನ ಒಳಗೊಳಗೇ ಮಾತಾಡಿಕೊಂಡೆವು. ನಾಲ್ಕನೆಯ ದಿನ ಮಧ್ಯಾಹ್ನ ಬಂದು ನೋಡಿದರೆ ಮನೆಯಲ್ಲಿ ಕಾಕು ಇಲ್ಲ. ರೊಟ್ಟಿ, ಪಲ್ಯ ಮುಚ್ಚಿಟ್ಟಿದ್ದರು. ಮಗ್ಗುಲ ಮನೆಯವರು ಹೇಳಿದರು: "ಅಕ್ಕಾರು ಮುಂಜಾನಿ ಬಸ್ಸಿಗೇ ಮುಧೋಳಕ್ಕ ಹೋದ್ರು. ಓಣ್ಯಾಗಿನ ಇನ್ನೂ ಇಬ್ಬರು ಮುದಿಕ್ಯಾರನ್ನ ಎಳಕೊಂಡು."